ತಿಂಡಿಗೆ ಕರೆದ ಮದುವೆ

ಊಟಕ್ಕೆ ಕರೆದರೆ ಜನ ಬಂದು ಕೂರುತ್ತಾರೆ, ಮಾತಿಗೆ ಮಾತು ಬೆಳೆಯುತ್ತದೆ. ತಿಂಡಿಗೆ ಕರೆದರೆ ತಿಂದು ಕೈ ತೊಳೆದು ಆಫೀಸಿಗೆ ಓಡುತ್ತಾರೆ. ಮೋಹಿನಿ ತನ್ನ ಎರಡನೆಯ ಮದುವೆಯನ್ನು ಗುರುವಾರ ಬೆಳಿಗ್ಗೆ ಏಳೂವರೆಗೆ ಇಟ್ಟುಕೊಂಡದ್ದು ಈ ಧೈರ್ಯದ ಮೇಲೆಯೇ. ಬುಧವಾರ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ; ಮರುದಿನ ಕೊಚ್ಚಿ ಹತ್ತಿರದ ಏಲೂರಿನ ಮನೆಯ ಹಜಾರದಲ್ಲಿ ಹಾರ, ತಾಳಿ; ಮೂವತ್ತು ಜನಕ್ಕೆ ಇಡ್ಲಿ, ಖಾರಾಬಾತ್, ಕೇಸರಿಬಾತ್. ಒಂಬತ್ತೂವರೆಗೆ ಅಂಗಳದ ಕುರ್ಚಿಗಳು ಬಾಡಿಗೆಯವನ ಗಾಡಿ ಹತ್ತಿ ಹೋಗಿರಬೇಕು. ಐವತ್ತೆರಡನೇ ವಯಸ್ಸಿನಲ್ಲಿ ಮದುವೆಯಾಗುವವಳಿಗೆ ಇಷ್ಟು ಸಾಕು ಎಂದು ಅವಳ ಲೆಕ್ಕ.

ಮೊದಲ ಗಂಡ ವಿಶ್ವೇಶ್ವರ ಗೊಬ್ಬರದ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವನು. ಒಂಬತ್ತು ವರ್ಷದ ಹಿಂದೆ ಕೆಲಸದ ಮೇಲಿದ್ದಾಗಲೇ ಎದೆನೋವು ಬಂದು ಹೋಗಿಬಿಟ್ಟ. ಆಮೇಲೆ ಆ ಮನೆಯಲ್ಲಿ ಉಳಿದವರು ಮೂವರು: ಕೊಚ್ಚಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಮೋಹಿನಿ, ಅವಳ ಅತ್ತೆ ಭವಾನಮ್ಮ, ಮಗಳು ಶ್ರದ್ಧಾ. ಶ್ರದ್ಧಾ ನರ್ಸಿಂಗ್ ಓದಲು ತಿರುವನಂತಪುರಕ್ಕೆ ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ.

ಅಚ್ಯುತ ಸಿಕ್ಕಿದ್ದೂ ಶ್ರದ್ಧಾಳಿಂದಲೇ. ಎರಡು ವರ್ಷದ ಹಿಂದೆ ಅವಳಿಗೆ ಡೆಂಗ್ಯೂ ಆಗಿ ಅಲ್ಲಿನ ಉಳ್ಳೂರಿನ ಹತ್ತಿರ ಆಸ್ಪತ್ರೆಗೆ ಸೇರಿದಾಗ ಮೋಹಿನಿ ಓಡಿಹೋಗಿ ಒಂಬತ್ತು ದಿನ ಅಲ್ಲೇ ಇದ್ದಳು. ಕ್ಯಾಂಟೀನಿನಲ್ಲಿ ಅತ್ತೆಯ ಜೊತೆ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದಾಗ ಪಕ್ಕದ ಮೇಜಿನವರು ತಲೆಯೆತ್ತಿ, "ನೀವು ಮೈಸೂರು ಕಡೆಯವರಾ?" ಎಂದು ಕೇಳಿದರು. ಅವರೇ ಅಚ್ಯುತ: ಕಾಸರಗೋಡಿನವರು, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ, ಹೆಂಡತಿ ತೀರಿಕೊಂಡು ಆರು ವರ್ಷ, ಉಳ್ಳೂರಿನಲ್ಲೇ ಮನೆ. ಅಡ್ಮಿಟ್ ಆಗಿದ್ದ ಸಹೋದ್ಯೋಗಿಯನ್ನು ನೋಡಲು ಬಂದಿದ್ದರಂತೆ. ಸಹೋದ್ಯೋಗಿ ಮೂರನೇ ದಿನವೇ ಮನೆಗೆ ಹೋದರೂ ಅಚ್ಯುತ ಮಾತ್ರ ದಿನಾ ಗಂಜಿಯ ಡಬ್ಬಿ ಹಿಡಿದು ಬರುತ್ತಲೇ ಇದ್ದರು.

ಮದುವೆಯ ವಿಷಯವನ್ನು ಮೋಹಿನಿ ಅತ್ತೆಗೆ ಹೇಳಿ ಎರಡು ತಿಂಗಳಾಗಿತ್ತು. ಭವಾನಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದವರು "ಹೂಂ" ಅಂದು ಹೆಚ್ಚುವುದನ್ನು ಮುಂದುವರಿಸಿದರು. ಅಲ್ಲಿಂದ ಆಚೆಗೆ ಆ ಮಾತನ್ನು ಅವರೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಮೋಹಿನಿ ತಾನೇ ಯೋಚಿಸಿ ಒಂದು ದಾರಿ ಮಾಡಿದಳು. ಮೈಸೂರಿನಲ್ಲಿರುವ ಮೈದುನ ರಾಜೀವನಿಗೆ ಫೋನ್ ಮಾಡಿ ಮಂಗಳವಾರ ಬಂದು ಅತ್ತೆಯನ್ನು ಕರೆದುಕೊಂಡು ಹೋಗಲು ಹೇಳಿದಳು. ಸ್ವಂತ ಮಗನ ಜಾಗದಲ್ಲಿ ಇನ್ನೊಬ್ಬ ನಿಲ್ಲುವುದನ್ನು ಯಾವ ತಾಯಿ ನೋಡಿಯಾಳು? ಹಜಾರದ ಗೋಡೆಯ ಮೇಲಿದ್ದ ವಿಶ್ವೇಶ್ವರನ ಫೋಟೋವನ್ನೂ ಇಳಿಸಿ, ಹಳೇ ರೇಷ್ಮೆ ಸೀರೆಯಲ್ಲಿ ಸುತ್ತಿ ಬೀರುವಿನೊಳಗೆ ಇಟ್ಟಳು. ಗೋಡೆಯ ಮೇಲೆ ಮಾಸದ ಬಣ್ಣದ ಚೌಕವೊಂದು ಉಳಿಯಿತು. ಅಲ್ಲಿಗೆ ಕ್ಯಾಲೆಂಡರ್ ತೂಗುಹಾಕಿದಳು.

ಶನಿವಾರ ಮಧ್ಯಾಹ್ನ ಅವಳು ಅತ್ತೆಯ ಸೀರೆಗಳನ್ನು ಸೂಟ್‌ಕೇಸಿಗೆ ಜೋಡಿಸುತ್ತಿದ್ದಳು. ಭವಾನಮ್ಮ ಮಂಚದ ಮೇಲೆ ಕೂತು ನೋಡುತ್ತಿದ್ದವರು ಕೇಳಿದರು, "ಮದುವೆಗೆ ಯಾರ್ಯಾರಿಗೆ ಹೇಳಿದೀಯ?"

ಮೋಹಿನಿಯ ಕೈ ನಿಂತಿತು. "ಬ್ಯಾಂಕಿನವರು ಎಂಟು ಜನ. ಅವರ ಕಡೆಯಿಂದ ತಂಗಿ, ಭಾವ. ಅಕ್ಕಪಕ್ಕದವರು."

"ಎದುರುಮನೆ ಏಲಿಯಮ್ಮಂಗೆ?"

"ಕರೆದೆ."

"ಹಾಲು ತರೋಳಿಗೆ?"

"ಕರೆದೆ ಅತ್ತೆ."

"ನನಗೆ?"

ಮೋಹಿನಿ ಮಡಿಸಿದ ಸೀರೆಯನ್ನೇ ಮತ್ತೆ ಬಿಚ್ಚಿ ಮಡಿಸಿದಳು. "ನಿಮಗೆ ಕಷ್ಟ ಆಗುತ್ತೆ ಅಂತ..."

"ಆಗುತ್ತೆ. ಆಗದೆ ಇರುತ್ತಾ? ಅವನು ನನ್ನ ಹೊಟ್ಟೇಲಿ ಹುಟ್ಟಿದೋನು." ಭವಾನಮ್ಮನ ದನಿ ಏರಲಿಲ್ಲ. "ಆದ್ರೆ ಆ ಕಷ್ಟ ನಂದು. ಅದನ್ನ ಇಲ್ಲೇ ಕೂತು ಪಡಬೇಕಾ, ಮೈಸೂರಿಗೆ ಹೋಗಿ ಪಡಬೇಕಾ ಅಂತ ನನ್ನ ಒಂದು ಮಾತು ಕೇಳಬಹುದಿತ್ತು. ಅವನ ಫೋಟೋನೂ ತೆಗೆದೆ, ನನ್ನನ್ನೂ ತೆಗೀತಿದೀಯ. ಒಂದೇ ಬೀರುವಿಗೆ ಹಾಕಿಬಿಡು."

ಮೋಹಿನಿ ಸೀರೆಯನ್ನು ಮಂಚದ ಮೇಲೆ ಇಟ್ಟಳು. ಎದ್ದು ತಾರಸಿಗೆ ಹೋದಳು. ಕಾರ್ಖಾನೆಯ ಕಡೆಯಿಂದ ಅಮೋನಿಯಾದ ಘಾಟು ಬೀಸುತ್ತಿತ್ತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕಲ್ಲ ಎಂದು ಅವಳಿಗೆ ಗೊತ್ತಿತ್ತು. ಯಾರಿಗೂ ನೋವಾಗದಂತೆ ಮಾಡಿದ್ದೇನೆ ಎಂದುಕೊಂಡಿದ್ದಳು. ನಿಜಕ್ಕೂ ಅವಳಿಗೆ ಬೇಕಾಗಿದ್ದದ್ದು ಯಾರ ನೋವೂ ತನ್ನ ಕಣ್ಣಿಗೆ ಬೀಳದಿರುವುದು. ತಾಳಿ ಕಟ್ಟಿಸಿಕೊಳ್ಳುವ ಹೊತ್ತಿಗೆ ಅತ್ತೆಯ ಮುಖ ಎದುರಿಗಿದ್ದರೆ ತಲೆಯೆತ್ತಲಾರೆ ಎಂಬ ಹೆದರಿಕೆ ತನ್ನದು, ಅವರದಲ್ಲ.

ಅಚ್ಯುತರಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವರು, "ತಪ್ಪು ನನ್ನದೂ ಉಂಟು," ಎಂದರು. "ಆ ಮನೆಗೆ ಹಿರಿಯರು ಅವರು. ನಾನು ಬಂದು ಅವರ ಹತ್ತಿರ ಕೇಳ್ಬೇಕಿತ್ತು, ಕೇಳ್ಲಿಲ್ಲ. ನಾಳೆ ಬೆಳಗ್ಗಿನ ಟ್ರೈನಿಗೆ ಬರ್ತೇನೆ. ಶ್ರದ್ಧಾಳನ್ನೂ ಕರ್ಕೊಂಡು ಬರ್ತೇನೆ."

ಭಾನುವಾರ ಹನ್ನೊಂದರ ಸುಮಾರಿಗೆ ಇಬ್ಬರೂ ಬಂದರು. ಮೋಹಿನಿ ತಟ್ಟೆಯಲ್ಲಿ ವೀಳ್ಯದೆಲೆ, ತೆಂಗಿನಕಾಯಿ, ಅಕ್ಷತೆ ಇಟ್ಟುಕೊಂಡಳು. ಊರಿನಲ್ಲಿ ಮನೆಮನೆಗೆ ಹೋಗಿ ಕರೆಯುವಂತೆ ಅವಳೂ ಅಚ್ಯುತರೂ ಭವಾನಮ್ಮನ ಮುಂದೆ ನೆಲದ ಮೇಲೆ ಕೂತರು.

"ಅತ್ತೆ, ಗುರುವಾರ ನನ್ನ ಮದುವೆ. ನೀವು ಇರಬೇಕು," ಎಂದಳು ಮೋಹಿನಿ. ಮುಂದೆ ಹೇಳಲು ಸಿದ್ಧಪಡಿಸಿಕೊಂಡದ್ದೆಲ್ಲ ಮರೆತುಹೋಯಿತು.

ಭವಾನಮ್ಮ ಅಕ್ಷತೆ ತೆಗೆದುಕೊಂಡು ಅಚ್ಯುತರನ್ನು ನೋಡಿದರು. "ನಿಮ್ಮ ಮನೆಯವರ ಹೆಸರೇನು? ತೀರಿಕೊಂಡೋರದ್ದು?"

"ವಾರಿಜಾ."

"ಅವರ ಫೋಟೋ ಇದೆಯಾ ಮನೇಲಿ?"

"ಉಂಟಮ್ಮ. ಬಾಗಿಲು ತೆಗೆದ ಕೂಡ್ಲೆ ಕಾಣ್ತದೆ."

"ತೆಗೀತೀರಾ?"

"ಇಲ್ಲ. ಮೋಹಿನಿಯವರಿಗೂ ಹೇಳಿದ್ದೇನೆ."

ಭವಾನಮ್ಮ ಸೊಸೆಯ ಕಡೆ ತಿರುಗಲಿಲ್ಲ. ಶ್ರದ್ಧಾಳೇ ಎದ್ದು ಬೀರುವಿನಿಂದ ಅಪ್ಪನ ಫೋಟೋ ತಂದಳು. ಮೊಳೆ ಎತ್ತರದಲ್ಲಿತ್ತು. ಅಚ್ಯುತ ಸ್ಟೂಲ್ ಹತ್ತಿ, ಕ್ಯಾಲೆಂಡರ್ ತೆಗೆದು, ಫೋಟೋ ತೂಗುಹಾಕಿ, "ಸರಿ ಉಂಟಾ?" ಎಂದು ಕೇಳಿದರು. "ಬಲಗಡೆ ಚೂರು ಇಳಿದಿದೆ," ಎಂದರು ಭವಾನಮ್ಮ. ಅವರು ಸರಿಮಾಡಿದರು.

ಆಮೇಲೆ ಭವಾನಮ್ಮನೇ ಮಾತು ಬದಲಿಸಿದರು. "ತಿಂಡಿ ಯಾರು ಮಾಡೋದು?"

"ಆಲುವದ ಕೇಟರಿಂಗ್‌ನವರು," ಎಂದಳು ಮೋಹಿನಿ.

"ಖಾರಾಬಾತ್‌ಗೆ ತೆಂಗಿನೆಣ್ಣೆ ಹಾಕ್ತಾರೆ, ನೋಡ್ತಿರು. ಅವರು ಇಡ್ಲಿ ಮಾಡ್ಲಿ. ಎರಡು ಬಾತೂ ನಾನು ಮಾಡ್ತೀನಿ."

"ಮುಪ್ಪತು ಪೇರ್ ಉಂಡ್ ಅಜ್ಜಿ," ಎಂದಳು ಶ್ರದ್ಧಾ. ಅಜ್ಜಿ ಕನ್ನಡದಲ್ಲಿ ಏನೇ ಹೇಳಲಿ, ಅವಳ ಉತ್ತರ ಮಲಯಾಳದಲ್ಲೇ.

"ಮೂವತ್ತು ಜನ ಇದ್ರೆ ರವೆ ಹುರಿಯೋಕೆ ನೀನಿದೀಯಲ್ಲ."

ಏಳುವಾಗ ಅವರು ಮೋಹಿನಿಯ ಹೆಗಲು ಹಿಡಿದು ಎದ್ದರು. "ನೋಡು, ಇರ್ತೀನಿ. ಆದ್ರೆ ತಾಳಿ ಕಟ್ಟೋ ಹೊತ್ತಿಗೆ ಒಳಗಿರ್ತೀನಿ. ಅದೊಂದನ್ನ ಕೇಳಬೇಡ."

"ಕೇಳಲ್ಲ ಅತ್ತೆ," ಎಂದಳು ಮೋಹಿನಿ.

ರಾಜೀವ ಮಂಗಳವಾರದ ಬದಲು ಬುಧವಾರ ಸಂಜೆ ಬಂದ. ಗುರುವಾರ ಐದಕ್ಕೇ ಭವಾನಮ್ಮ ಸ್ನಾನ ಮಾಡಿ ಒಲೆಯ ಮುಂದೆ ನಿಂತಿದ್ದರು. ಏಳೂವರೆಗೆ ಹಜಾರ ತುಂಬಿತ್ತು. ಏಲಿಯಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದರು. ಪುರೋಹಿತರ ಮಂತ್ರದ ನಡುವೆ ಮೋಹಿನಿಯ ಕಿವಿ ಅಡುಗೆಮನೆಯ ಕಡೆಗೇ ಇತ್ತು. ಬಾಣಲೆಗೆ ಸೌಟು ತಾಗುವ ಸದ್ದು ಬರುತ್ತಿತ್ತು. ಅಚ್ಯುತರು ತಾಳಿ ಎತ್ತಿಕೊಂಡಾಗ ಆ ಸದ್ದು ನಿಂತಿತು. ಮೂರು ಗಂಟೂ ಬಿದ್ದು ಎಲ್ಲರೂ ಅಕ್ಷತೆ ಹಾಕಿದ ಎಷ್ಟೋ ಹೊತ್ತಿನ ಮೇಲೆ ಸೌಟಿನ ಸದ್ದು ಮತ್ತೆ ಶುರುವಾಯಿತು. ಅಲ್ಲಿಯವರೆಗೆ ಮೋಹಿನಿ ತಲೆ ತಗ್ಗಿಸಿಯೇ ಕೂತಿದ್ದಳು. ಅಚ್ಯುತರೂ ಅವಳನ್ನು ಏಳಿಸಲಿಲ್ಲ.

ಭವಾನಮ್ಮ ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಕೇಸರಿಬಾತಿನ ಪಾತ್ರೆ ಇತ್ತು. ಎಲೆಯ ಮುಂದೆ ಕೂತಿದ್ದ ಹೊಸ ದಂಪತಿಗೆ ಮೊದಲು ಬಡಿಸಿದರು. ಅಚ್ಯುತರ ಎಲೆಗೆ ಒಂದು ಸೌಟು ಹಾಕಿ, "ದ್ರಾಕ್ಷಿ ಬೇಡವಾದ್ರೆ ಪಕ್ಕಕ್ಕಿಡಿ," ಎಂದರು. ವಿಶ್ವೇಶ್ವರನಿಗೆ ಕೇಸರಿಬಾತಿನಲ್ಲಿ ದ್ರಾಕ್ಷಿ ಆಗುತ್ತಿರಲಿಲ್ಲ. ಮೋಹಿನಿ ಅದನ್ನು ನೆನೆದು ಅಚ್ಯುತರತ್ತ ನೋಡಿದಳು. ಅಚ್ಯುತರು, "ನನಗೆ ಆಗ್ತದಮ್ಮ, ಇನ್ನೂ ಸ್ವಲ್ಪ ಹಾಕಿ," ಎಂದರು. ಭವಾನಮ್ಮ ಅರೆಗಳಿಗೆ ನಿಂತು, ಹಾಕಿದರು.

ಒಂಬತ್ತೂವರೆಗೆ ಯಾರೂ ಏಳಲಿಲ್ಲ. ಮ್ಯಾನೇಜರ್ ಮೇಡಂ ತಡವಾಗಿ ಬರುವುದಾಗಿ ಬ್ಯಾಂಕಿಗೆ ಫೋನ್ ಮಾಡಿ ಇನ್ನೊಮ್ಮೆ ಖಾರಾಬಾತ್ ಹಾಕಿಸಿಕೊಂಡರು.

ಮಧ್ಯಾಹ್ನ ರಾಜೀವ ಕಾರಿಗೆ ಅಮ್ಮನ ಸೂಟ್‌ಕೇಸ್ ಇಡುತ್ತಾ, "ಅತ್ತಿಗೆ, ಅಮ್ಮ ಇನ್ನು ನಮ್ಮ ಜೊತೇಲೇ ಇರ್ಲಿ. ನಿಮಗೂ ಅನುಕೂಲ," ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಮೋಹಿನಿ ಈ ಸಲ ತಾನೇ ಉತ್ತರ ಕೊಡಲು ಹೋಗಲಿಲ್ಲ. "ಅತ್ತೆ, ನೀವೇನಂತೀರಿ?" ಎಂದು ಕೇಳಿದಳು.

"ಒಂದು ತಿಂಗಳು ಇದ್ದು ಬರ್ತೀನಿ," ಎಂದರು ಭವಾನಮ್ಮ. "ಇವರಿಬ್ಬರಿಗೂ ಒಂದಷ್ಟು ದಿನ ಬೇಕು, ನನಗೂ ಬೇಕು. ಶ್ರದ್ಧಾ, ವಾಪಸ್ ಟಿಕೆಟ್ ಈಗಲೇ ಮಾಡು. ಕೆಳಗಿನ ಬರ್ತು."

ಇಪ್ಪತ್ತಮೂರನೇ ದಿನಕ್ಕೇ ಟಿಕೆಟ್ ಬದಲಾಯಿಸಿಕೊಂಡು ಬಂದುಬಿಟ್ಟರು. ಮೈಸೂರಿನಲ್ಲಿ ಕೂತು ಮಾತಾಡಲು ಯಾರಿಗೂ ಪುರುಸೊತ್ತಿಲ್ಲವಂತೆ. ಶನಿವಾರವಾದ್ದರಿಂದ ಅಚ್ಯುತ ತಿರುವನಂತಪುರದಿಂದ ಬಂದಿದ್ದರು. ಮೋಹಿನಿಗೆ ಬ್ಯಾಂಕಿತ್ತು, ಆಲುವ ಸ್ಟೇಷನ್ನಿಗೆ ಅವರೇ ಹೋದರು. ಸಂಜೆ ಅವಳು ಗೇಟು ತೆಗೆಯುವಾಗ ಒಳಗಿನಿಂದ ಅತ್ತೆಯ ದನಿ ಕೇಳಿಸಿತು.

"'ಎಂತ' ಅಲ್ರೀ, 'ಏನು'. ಇಷ್ಟು ವರ್ಷ ಓದಿದೀರಿ, ಅಷ್ಟು ಗೊತ್ತಾಗಲ್ವಾ?"

"ನಮ್ಮಲ್ಲಿ 'ಎಂತ'ವೇ ಸರಿ ಅಮ್ಮ," ಎನ್ನುತ್ತಿದ್ದರು ಅಚ್ಯುತ.

ಮೋಹಿನಿ ಚಪ್ಪಲಿ ಬಿಟ್ಟು, ಅವರ ಮಾತು ಮುಗಿಯಲಿ ಎಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಳು.