ಅಳಿಸದ ಕ್ಯಾಸೆಟ್‌ಗಳ ಕೋಣೆ

ಇಸಿದೋರನ ಕಂಪನಿಯ ವಾರ್ಷಿಕ ಸಭೆಯಲ್ಲಿ ನಾನು ಪ್ರತಿ ವರ್ಷ ಒಂದೇ ಪ್ರಶ್ನೆ ಕೇಳುತ್ತೇನೆ. "ಆ ಕ್ಯಾಸೆಟ್ ಕೋಣೆ ಎಂತಕ್ಕೆ?" ಇಪ್ಪತ್ತು ವರ್ಷ ಕೇಳಿ ಕೇಳಿ ನಮ್ಮೂರು ಕುಲಶೇಖರದಲ್ಲಿ ನನಗೆ 'ಕ್ಯಾಸೆಟ್ ಸಿಪ್ರಿಯನ್' ಎಂದೇ ಹೆಸರು ಬಿದ್ದಿದೆ. ಬೀಳಲಿ. ಕುವೈತಿನ ಬಿಸಿಲಲ್ಲಿ ಬೆಂದು ತಂದ ದುಡ್ಡು ಹಾಕಿದವನಿಗೆ ಬಾಯಿ ಇರಬಾರದೇ?

ಕಂಪನಿಯದ್ದು ಮೀನುಗಾರಿಕೆ ದೋಣಿಗಳ ಸಾಫ್ಟ್‌ವೇರ್. ಎಲ್ಲಿ ಮೀನು, ಎಲ್ಲಿ ಬಂಡೆ ಎಂದು ತೋರಿಸುವಂಥದ್ದು. ಇಸಿದೋರ್ ಮೊದಲು ಅದನ್ನು ಮೇಜಿನ ಕಂಪ್ಯೂಟರಿಗೆ ಬರೆದ. ಊರೆಲ್ಲ ಮೊಬೈಲ್ ಹಿಡಿದಾಗ ಮತ್ತೆ ಮೊದಲಿನಿಂದ ಬರೆದ. ಈಗ ಪರದೆಯೇ ಬೇಡ, ಬಾಯಲ್ಲಿ ಕೇಳಿದರೆ ಯಂತ್ರ ಬಾಯಲ್ಲೇ ಉತ್ತರಿಸುವ ಕಾಲ. ಬರೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ಅಂದುಕೊಂಡೆ.

ಅಷ್ಟರಲ್ಲಿ ಮುಂಬಯಿಯ ದೊಡ್ಡ ಕಂಪನಿಯೊಂದು ಕೊಳ್ಳಲು ಬಂತು. ಕೊಂಡರೆ ಬೋಳಾರದ ಕಚೇರಿಗೂ ಅಲ್ಲಿನ ಕ್ಯಾಸೆಟ್ ಕೋಣೆಗೂ ಬೀಗ. ಹಣ ಹೂಡಿದವರಲ್ಲಿ ಅರ್ಧ ಜನ ಮಾರೋಣ ಎಂದರು, ಅರ್ಧ ಜನ ಬೇಡ ಎಂದರು. ನನ್ನ ಕೈ ಯಾವ ಕಡೆ ಎದ್ದರೆ ಆ ಕಡೆ ಗೆಲುವು. ಮಾರುವುದೆಂದೇ ನಿಶ್ಚಯಿಸಿ ಮಣ್ಣಗುಡ್ಡದ ಸಭಾಂಗಣಕ್ಕೆ ಹೋದೆ.

"ಒಮ್ಮೆ ಇದನ್ನು ನೋಡಿ, ಮತ್ತೆ ಕೈ ಎತ್ತಿ" ಎಂದು ಇಸಿದೋರ್ ಹೊಸ ಸಾಫ್ಟ್‌ವೇರ್ ಹಾಕಿದ್ದ ತನ್ನ ಫೋನನ್ನು ದೇಯಿಯ ಕೈಗೆ ಕೊಟ್ಟ. ದೇಯಿ ಎರಡು ದೋಣಿಗಳ ಒಡತಿ, ಅವಳನ್ನು ಸಭೆಗೆ ಅವನೇ ಕರೆಸಿದ್ದ. ತೆಂಕು ಗಾಳಿಯಲ್ಲಿ ಬಲೆ ಹರಿಯುವ ಜಾಗ ಯಾವುದು ಎಂದು ಅವಳು ಫೋನಿಗೆ ತುಳುವಿನಲ್ಲಿ ಕೇಳಿದಳು. ಪೇಟೆಯ ತುಳು ಅಲ್ಲ, ಅರ್ಧ ಮಾತು ಅಲೆಗೇ ಬಿಟ್ಟುಬಿಡುವ ಕಡಲಿನವರ ತುಳು.

ಫೋನು ಅದೇ ತುಳುವಿನಲ್ಲಿ ಉತ್ತರಿಸಿತು. ದೀಪಸ್ತಂಭವೂ ಕುದುರೆಮುಖದ ತುದಿಯೂ ಒಂದೇ ಗೆರೆಗೆ ಬಂದಲ್ಲಿ ಬಲೆ ಬಿಡಬಾರದು, ಅಡಿಯಲ್ಲಿ ಬಂಡೆಯುಂಟು. ಇದನ್ನು ಹೇಳಿದವರು ಚನಿಯ ತಾಂಡೇಲರು ಎಂದೂ ಅದೇ ಸೇರಿಸಿತು.

ದೋಣಿ ನಡೆಸುವ ತಾಂಡೇಲರಲ್ಲಿ ಹೆಸರುವಾಸಿಯಾದ ಆ ಚನಿಯ ದೇಯಿಯ ಅಪ್ಪ. ಇಪ್ಪತ್ತೈದು ವರ್ಷದ ಹಿಂದೆ ಕಡಲಿಗಿಳಿದವರು ಮರಳಲಿಲ್ಲ.

"ಅಪ್ಪ ಮಾತಾಡಿದ ಹಾಗೆಯೇ ಉಂಟು," ಎಂದು ದೇಯಿ ಸೆರಗಿನಿಂದ ಕಣ್ಣೊರೆಸಿದಳು.

"ಇದು ಈ ತುಳು ಎಲ್ಲಿ ಕಲಿತದ್ದು ಮಾರಾಯ?" ನಾನು ಕೇಳಿದೆ.

"ನಿನ್ನ ಕ್ಯಾಸೆಟ್ ಕೋಣೆಯಲ್ಲಿ," ಎಂದ ಇಸಿದೋರ್. "ಅಲ್ಲಿನ ಕ್ಯಾಸೆಟ್‌ಗಳನ್ನೆಲ್ಲ ಇದಕ್ಕೆ ಕೇಳಿಸಿದೆ. ನಾನು ಕೊಂಕಣಿಯವ. ಎಲ್ಲಿ ಮೀನು, ಎಲ್ಲಿ ಬಂಡೆ ಅಂತ ತಾಂಡೇಲರು ಕಡಲಿಂದ ವಯರ್‌ಲೆಸ್‌ನಲ್ಲಿ ಹೇಳಿದ್ದು ನನಗೆ ಅರ್ಥ ಆಗ್ತಿರ್ಲಿಲ್ಲ. ರೆಕಾರ್ಡ್ ಮಾಡಿ, ನಾಲ್ಕು ಸಲ ಕೇಳಿ ಬರ್ಕೊಳ್ತಿದ್ದೆ. ದೋಣಿ ದಡ ಸೇರಿದ ಮೇಲೆ ಅಳಿಸಿ ಅದೇ ಕ್ಯಾಸೆಟ್ ಹಾಕುವುದು. ಚನಿಯಣ್ಣನ ದೋಣಿ ಬರ್ಲೇ ಇಲ್ಲ. ಮತ್ತೆ ಯಾರ ಸ್ವರವನ್ನೂ ಅಳಿಸ್ಲಿಕ್ಕೆ ಕೈ ಬರ್ಲಿಲ್ಲ."

ಎಷ್ಟು ತಾಂಡೇಲರು, ಎಷ್ಟು ಮಳೆಗಾಲ, ಎಷ್ಟು ಗಾಳಿ! ಜಗತ್ತಿನ ಯಾವ ದೊಡ್ಡ ಕಂಪನಿಯಲ್ಲೂ ಇಲ್ಲದ ಆ ಸ್ವರಗಳನ್ನು ಕಸವೆಂದು ಹೊರಗೆಸೆಯಲು ನಾನು ಇಪ್ಪತ್ತು ವರ್ಷ ಗಂಟಲು ಹರಿದುಕೊಂಡಿದ್ದೆ. ನಾಚಿಕೆಯಾಯಿತು. ನಾಚಿಕೆಗಿಂತ ಬೆರಗೇ ಹೆಚ್ಚಾಯಿತು.

"ಸಿಪ್ರಿಯನ್, ಈ ವರ್ಷದ ಪ್ರಶ್ನೆ ಇಲ್ವಾ?" ಯಾರೋ ಛೇಡಿಸಿದರು.

ಎದ್ದು ನಿಂತೆ. "ಉಂಟು. ಆ ಕೋಣೆಗೆ ಮಳೆನೀರು ಸೋರ್ತದಾ?"

"ಒಂದು ಮೂಲೆಯಲ್ಲಿ ಸ್ವಲ್ಪ ಸೋರ್ತದೆ," ಎಂದ ಇಸಿದೋರ್.

"ನಾಳೆ ಬೆಳಿಗ್ಗೆ ಹಂಚು ಹಾಕುವವರನ್ನು ಕರ್ಕೊಂಡು ನಾನೇ ಬರ್ತೇನೆ."