ಯಾವ ತೂಕ?

ಕೋಡ್ ಬರೆಯುವ ಆರು ಎಐ ಏಜೆಂಟ್‌ಗಳೂ ಕೆಲಸ ಮುಗಿಸಿ, ಪರದೆಯ ಮೇಲೆ ಹಸಿರು ಗುರುತು ಹಾಕಿಕೊಂಡು ಕೂತಿದ್ದವು. ಮಕ್ಕಳ ಆಸ್ಪತ್ರೆಗೆ ಔಷಧಿಯ ಪ್ರಮಾಣ ಹೇಳುವ ಹೊಸ ಪ್ರೋಗ್ರಾಂ ನಾಲ್ಕು ಗಂಟೆಗೆ ಹೊರಡಬೇಕು. ಅದಕ್ಕೆ ಎಂಜಿನಿಯರ್ ಆದ ಅವಳ ಸಹಿಯೊಂದು ಬಾಕಿ.

ಅವಳು ಸಹಿ ಹಾಕದೆ ಓದುತ್ತ ಕೂತಳು. ಓದಿದಷ್ಟೂ ಮೈ ಉರಿಯಿತು. ಮೂರನೆಯ ಏಜೆಂಟ್ ಮಗುವಿನ ತೂಕವನ್ನು ಗ್ರಾಂಗೆ ಬದಲಿಸಿತ್ತು. ಐದನೆಯದು, ಕೋಡಿನ ತನಗೆ ಕೊಟ್ಟ ಬೇರೆ ಪ್ರತಿಯಲ್ಲಿ, ಅದೇ ತೂಕ ಕಿಲೋದಲ್ಲಿದೆಯೆಂದು ಲೆಕ್ಕ ಕಟ್ಟಿತ್ತು. ಮುಟ್ಟಿದ ಫೈಲುಗಳು ಬೇರೆ ಬೇರೆ. ಹಾಗಾಗಿ ಎರಡನ್ನೂ ಕೂಡಿಸುವಾಗ ಒಂದು ತಕರಾರೂ ಏಳಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಕಿತ್ತಾಟದ ಸದ್ದು ಮಾತ್ರ ಇಲ್ಲ.

ಕೆಲಸ ಹಂಚಿದವಳು ಅವಳೇ. ಎರಡಕ್ಕೂ 'ತೂಕ' ಎಂದಷ್ಟೇ ಬರೆದಿದ್ದಳು. ಹೋದ ವರ್ಷವಾಗಿದ್ದರೆ ಎದುರು ಮೇಜಿನ ಸಿಡುಕಪ್ಪ, "ಯಾವ ತೂಕ ತಾಯಿ, ಆನೆದೋ ಇರುವೆದೋ?" ಎಂದು ಕೂಗುತ್ತಿದ್ದ. ಅವನನ್ನೂ ಉಳಿದ ಮೂವರನ್ನೂ ಮನೆಗೆ ಕಳಿಸಿಯಾಗಿತ್ತು. ಏಜೆಂಟ್‌ಗಳು ಏನನ್ನೂ ಕೇಳಲಿಲ್ಲ. ಕೇಳದಿರುವುದಕ್ಕೇ ಈ ಕಚೇರಿಯಲ್ಲಿ ವೇಗ ಎಂದು ಹೆಸರು.

ಮ್ಯಾನೇಜರ್ ಬಂದು ನಿಂತ. ಬೆನ್ನ ಹಿಂದೆ ಅವನ ಹೆಸರು 'ಅವಸರ'.

"ಎಲ್ಲ ಟೆಸ್ಟೂ ಪಾಸಾಗಿದೆಯಲ್ಲ, ಇನ್ಯಾವ ಮುಹೂರ್ತ ನೋಡ್ತಿದೀರಾ?"

"ಪ್ರಶ್ನೆನೂ ಅವುಗಳದೇ, ಮಾರ್ಕ್ಸೂ ಅವುಗಳದೇ ಸಾರ್. ಪಾಸಾಗದೇ ಇರ್ತವಾ?"

ಮೂರು ಕಿಲೋ ಮಗುವಿನ ತೂಕ ಒತ್ತಿ, ಪರದೆಯನ್ನು ಅವನತ್ತ ತಿರುಗಿಸಿದಳು. ಎರಡು ಎಂ.ಎಲ್. ಬರಬೇಕಾದಲ್ಲಿ ಎರಡು ಲೀಟರ್ ಬಂದಿತ್ತು.

ಅವನು ನಕ್ಕೇಬಿಟ್ಟ. "ಎರಡು ಲೀಟರ್ ಯಾವ ನರ್ಸ್ ಕುಡಿಸ್ತಾಳೆ? ನಾಳೆ ಏಳನೇ ಏಜೆಂಟ್ ಬಿಟ್ಟು ಹುಡುಕಿಸೋಣ. ಈಗ ಸಹಿ ಹಾಕಿ."

"ನಗಬೇಡಿ. ತಪ್ಪು ನನ್ನದು, ಒಪ್ಕೋತೀನಿ. ಆದ್ರೆ ನಗಬೇಡಿ. ಇದೇ ಲೆಕ್ಕ ಡ್ರಿಪ್‌ನಲ್ಲಿ ಹನಿ ಬಿಡೋ ಯಂತ್ರಕ್ಕೂ ಹೋಗುತ್ತೆ. ಅದಕ್ಕೆ ಕಣ್ಣಿದೆಯಾ?"

"ಆಯ್ತು ಬಿಡಿ, ಬೇರೆಯವರ ಹತ್ರ ಹಾಕಿಸ್ತೀನಿ."

"ಹಾಕಿಸಿ. ಯಾರ ಹತ್ರ?"

ಅವನು ಕೋಣೆಯ ಸುತ್ತ ನೋಡಿದ. ನಾಲ್ಕು ಮೇಜುಗಳೂ ಖಾಲಿ. ಅವಳಿಗೆ ಅಯ್ಯೋ ಅನ್ನಿಸಲಿಲ್ಲ.

ಅವನೆದುರೇ ಆಸ್ಪತ್ರೆಗೆ ಫೋನ್ ಮಾಡಿದಳು. "ಹೊಸದು ಇವತ್ತು ಬರಲ್ಲಮ್ಮ. ಹಳೇದನ್ನೇ ನಡೆಸಿ."

"ಯಾವತ್ತು ಬರುತ್ತೆ?" ಎಂದು ಔಷಧಿ ವಿಭಾಗದವಳು ಕೇಳಿದಳು.

"ಒಂದೊಂದು ಸಾಲೂ ನಾನೇ ಓದಿ ಮುಗಿಸಿದ ಮೇಲೆ," ಎಂದಳು, ಅವನ ಮುಖದಿಂದ ಕಣ್ಣು ಕೀಳದೆ.