ತಂಗಿಯ ಪಾಲಿನ ಅಳು

ರುಕ್ಮವ್ವ ಸತ್ತ ತಂಗಿಯ ತಲೆಯನ್ನು ಗೋಡೆಗೆ ಆನಿಸಿ ಹಿಡಿದಿದ್ದಳು. ಹಣೆಗೆ ವಿಭೂತಿ ಬಳಿದು, ಕೂರಿಸಿ, ಎದೆಯ ಸುತ್ತ ಅರಿವೆ ಬಿಗಿದಿದ್ದರೂ ಚನ್ನವ್ವನ ತಲೆ ಮತ್ತೆ ಮತ್ತೆ ಅಕ್ಕನ ಹೆಗಲಿಗೇ ವಾಲುತ್ತಿತ್ತು.

"ಲಗೂ ಮುಗಸ್ರಿ," ಎಂದ ಅಣ್ಣ ಗುರುಲಿಂಗಪ್ಪ, ಹೊಸ್ತಿಲಲ್ಲೇ ನಿಂತು. "ಬಿಸಲು ಏರಾಕತ್ತೇತಿ. ಮಂದಿ ಮುಂದ ಮರ್ಯಾದಿ ಹೋಗಿದ್ದು ಸಾಕು."

ಹೊರ್ತಿಯ ಅರ್ಧ ಊರು ಅಂಗಳದಲ್ಲಿ ಸೇರಿತ್ತು. ಒಬ್ಬರ ಕಣ್ಣೂ ಒದ್ದೆಯಾಗಿರಲಿಲ್ಲ. ಹೆಂಗಸರು ಸೆರಗಿನ ಮರೆಯಲ್ಲಿ ಪಿಸುಗುಟ್ಟುತ್ತಿದ್ದರು.

"ಏನರ ಕುಡದಾಳೇನಬೇ?"

"ಹೊಟ್ಟಿನೋವಂತ. ಆಕಿದು ಯಾವುದು ಖರೆ, ಯಾವುದು ಸುಳ್ಳು, ಆ ಶಿವನ ಬಲ್ಲ."

ಓಣಿಗೇ ಹಿರಿಯಳಾದ ಲಕ್ಕವ್ವ ಒಳಗೆ ಇಣುಕಿದಳು. "ರುಕ್ಮವ್ವಾ, ಸುರು ಮಾಡ ಮತ್ತ. ನೀ ಎತ್ತಿದ್ರ ನಾವು ದನಿಗೂಡಸ್ತೀವಿ."

ಸತ್ತವರ ಗುಣ ಹೇಳಿ ಹಾಡ್ಯಾಡಿಕೊಂಡು ಅಳುವುದು ಆ ಸೀಮೆಯ ರೂಢಿ. ಹೆಣ ಏಳುವ ಮುನ್ನ ಒಬ್ಬಳು ದನಿ ಎತ್ತಬೇಕು, ಉಳಿದವರು ಕೂಡಬೇಕು. ಯಾರೂ ಅಳದೆ ಹೋದ ಹೆಣವೆಂದರೆ ಆ ಜೀವ ಹುಟ್ಟಿಯೇ ಇರಲಿಲ್ಲ ಎಂದಂತೆ. ಎತ್ತುವುದರಲ್ಲಿ ರುಕ್ಮವ್ವನನ್ನು ಮೀರಿಸುವವರು ಇಂಡಿ ತಾಲೂಕಿನಲ್ಲೇ ಇರಲಿಲ್ಲ. ಜೀವಮಾನವೆಲ್ಲ ಹೆಂಡತಿಯನ್ನು ಬಡಿದ ಗೌಡನಿಗೂ ನಾಲ್ಕು ಒಳ್ಳೆಯ ಮಾತು ಹುಡುಕಿ, ಆ ಹೆಂಡತಿಯನ್ನೇ ಅಳಿಸಿಬಿಟ್ಟವಳು ಅವಳು! ಇವತ್ತು ತಂಗಿಗಾಗಿ ಒಂದು ಮಾತು ಎತ್ತಬೇಕಿತ್ತು, ಒಂದೇ ಒಂದು. ಅವಳು ತಂಗಿಯ ವಾಲಿದ ತಲೆಯನ್ನು ಮತ್ತೆ ಗೋಡೆಗೆ ಆನಿಸಿದಳು.

*

ಚನ್ನವ್ವನಿಗೆ ಯಾವುದೂ ಹದದಲ್ಲಿ ಬರುತ್ತಿರಲಿಲ್ಲ. ಬೆಳಗ್ಗೆ "ನೀನ ನನ್ನ ಹಡದವ್ವ" ಎಂದು ಅಕ್ಕನನ್ನು ತಬ್ಬಿದವಳು, ಮಧ್ಯಾಹ್ನ ರೊಟ್ಟಿ ತಡವಾದದ್ದಕ್ಕೆ "ನನ್ನ ವೈರಿ ನೀ" ಎಂದು ಹಿಟ್ಟಿನ ಪರಾತ ಎಸೆಯುತ್ತಿದ್ದಳು. ಸಂಜೆಗೆ ನಾಚಿಕೆ ತಡೆಯಲಾರದೆ ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದಳು. ಬಾವಿಗೆ ಬೀಳುತ್ತೇನೆಂದು ಓಡಿದ್ದು ಐದು ಸಲ. ಮೊದಲೆರಡು ಸಲ ಊರೇ ಹಗ್ಗ ಹಿಡಿದು ಬಂತು, ಆಮೇಲೆ ಅಕ್ಕ ಒಬ್ಬಳೇ.

ಆಲಮೇಲದ ಗಂಡ ಎರಡು ವರ್ಷ ತಾಳಿದ. ಎಪ್ಪತ್ತೆರಡನೇ ಇಸವಿಯಲ್ಲಿ ಬಸ್ಸಿಗೆ ಹತ್ತಿಸಿ ಕೈತೊಳೆದುಕೊಂಡ. ಗಂಡ ಸತ್ತು ತವರು ಸೇರಿದ್ದ ಅಕ್ಕನ ಹಾಸಿಗೆಯ ಪಕ್ಕದಲ್ಲೇ ಅವಳ ಹಾಸಿಗೆ ಬಿತ್ತು. ಗಾಳಿ ಬಿಡಿಸುತ್ತೇನೆಂದು ಬಂದವನು ಬೇವಿನ ಬರಲಿನಿಂದ ಬೆನ್ನು ಸುಲಿದ. ಬಿಜಾಪುರದ ಡಾಕ್ಟರೊಬ್ಬ ನೋಡಿ, "ಹುಚ್ಚಲ್ಲ ಇದು, ಸೊಕ್ಕು" ಎಂದ. ಹುಚ್ಚಿ ಎಂದಿದ್ದರೆ ಮಂದಿ ಅಯ್ಯೋ ಪಾಪ ಎನ್ನುತ್ತಿದ್ದರು. ಸೊಕ್ಕಿನವಳಿಗೆ ಅದೂ ಇಲ್ಲ.

ಒಮ್ಮೆ ಇಬ್ಬರೂ ಜೋಳ ಹಸನು ಮಾಡುತ್ತ ಕೂತಾಗ ಚನ್ನವ್ವ ತಣ್ಣಗೆ ಕೇಳಿದ್ದಳು: "ನೀ ಬಾಗಲಾ ದಾಟಿದ ಕೂಡ್ಲೇ ನಾ ಇಲ್ಲದಂಗ ಆಗ್ತೇನಿ ಅಕ್ಕಾ. ನಿನಗ ಹಂಗ ಆಗೂದಿಲ್ಲೇನು?"

"ಮೊದಲ ಜ್ವಾಳದಾಗಿನ ಕಲ್ಲ ಆರಸು," ಎಂದು ರುಕ್ಮವ್ವ ನಕ್ಕಿದ್ದಳು.

*

ನಿನ್ನೆ ಮುಂಜಾನೆ ಲಚ್ಯಾಣದಿಂದ ಹೇಳಿಕಳಿಸಿದ್ದರು. ದೊಡ್ಡ ಮನೆತನದ ಮುದುಕಿ ತೀರಿಕೊಂಡಿದ್ದಳು, ರುಕ್ಮವ್ವ ಬಂದೇ ಎತ್ತಬೇಕು. ಚನ್ನವ್ವ ನೆಲದ ಮೇಲೆ ಮುದುಡಿಕೊಂಡೇ ಅಕ್ಕನ ಸೆರಗು ಹಿಡಿದಳು.

"ಹೋಗಬ್ಯಾಡ. ಹೊಟ್ಟಿ ಹರಕೊಂಡ ಬರಾಕತ್ತೇತಿ."

"ನಾ ಹೊಂಟಾಗೊಮ್ಮೆ ನಿನಗೊಂದು ಬ್ಯಾನಿ. ಸಾಕ ನಿನ್ನ ನಾಟಕ."

"ಈ ಸಲ ಖರೇನ ಅಕ್ಕಾ."

ಹೋದ ಸಲವೂ ಅವಳು ಹಾಗೇ ಅಂದಿದ್ದಳು. ರುಕ್ಮವ್ವ ತಂಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಸ್ಸು ಹಿಡಿದಳು. ಗುರುತಿಲ್ಲದ ಆ ಮುದುಕಿಗಾಗಿ ಗಂಟಲು ಹರಿಯುವಂತೆ ಅತ್ತಳು. ಮಂದಿ ಹೊಗಳಿದ್ದೇ ಹೊಗಳಿದ್ದು. ಸಂಜೆ ಮರಳಿದಾಗ ಚನ್ನವ್ವ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದಳು, ಮೈ ಕಾದ ಹಂಚು. ಇಂಡಿಯ ದವಾಖಾನೆಗೆ ಒಯ್ಯಲು ಗಾಡಿ ಹೂಡುವುದರೊಳಗೆ ಉಸಿರು ನಿಂತಿತು.

*

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಗಂಟೆ ಬಾರಿಸಿದರು. ನಾಲ್ವರು ಚನ್ನವ್ವನನ್ನು ಎತ್ತಿ, ಹೆಣ ಒಯ್ಯಲು ಅಂಗಳದಲ್ಲಿ ಕಟ್ಟಿದ್ದ ವಿಮಾನದಲ್ಲಿ ಕೂರಿಸಿದರು.

"ಯಾರೂ ಅಳಲಾರದ ಹಂಗ ಒಯ್ಯೂದೇನು?" ಎಂದಳು ಲಕ್ಕವ್ವ.

ರುಕ್ಮವ್ವ ಹೆಂಗಸರ ನಡುವೆ ಬಂದು ನಿಂತಳು. ಮಕ್ಕಳನ್ನು ಹಡೆದಾಕಿ, ಮನೆ ಬೆಳಗಿದಾಕಿ, ಹಸಿದವರಿಗೆ ನೀಡಿದಾಕಿ; ರೂಢಿಯ ಮಾತು ಒಂದೂ ತಂಗಿಗೆ ಒಪ್ಪಲಿಲ್ಲ. ಕೊನೆಗೆ ದನಿ ಒಡೆದು ಬಂತು.

"ಹೊಟ್ಟಿ ನೋಯತೈತಿ ಅಂದ್ಯಲ್ಲೇ ನನ್ನ ತಂಗೀ… ನಾಟಕ ಅಂದ್ನಲ್ಲೇ ನಾನು… ಮಂದಿ ಹೆಣಕ್ಕ ಅಳಾಕ ನಿನ್ನ ಬೆರಳ ಬಿಡಿಸಿ ಹೋದ್ನಲ್ಲೇ ನನ್ನವ್ವಾ…"

ಯಾರೂ ದನಿಗೂಡಿಸಲಿಲ್ಲ. ಹೆಣದ ಮುಂದೆ ತನ್ನ ತಪ್ಪನ್ನೇ ಹಾಡುವವಳನ್ನು ಆ ಅಂಗಳ ಕಂಡಿರಲಿಲ್ಲ. ರುಕ್ಮವ್ವ ಎದೆ ಬಡಿದುಕೊಳ್ಳುತ್ತ ಅವರತ್ತ ತಿರುಗಿದಳು. "ನೀವೂ ಅಂದ್ರೆಲ್ಲವಾ ನಾಟಕಂತ! ಈಗರ ಅಳ್ರೆವಾ! ಸತ್ತಾಳ ಆಕಿ, ಖರೇನ ಸತ್ತಾಳ!"

ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ಚನ್ನವ್ವನನ್ನು ಇಷ್ಟು ವರ್ಷ ನೋಡಿದ ಕಣ್ಣಿನಿಂದಲೇ ಈಗ ಇವಳನ್ನು ನೋಡಿದರು.

"ಅಯ್ಯ ಶಿವನ!" ಎಂದಳು ಲಕ್ಕವ್ವ. "ಗುರುಲಿಂಗಪ್ಪಾ, ಈಕಿನ ಒಳಗ ಹಾಕಪಾ. ತಂಗೀದು ಅಕ್ಕಗ ಹತ್ತೇತಿ."

ಗುರುಲಿಂಗಪ್ಪ ಅವಳ ರಟ್ಟೆ ಹಿಡಿದು ಎಳೆದೊಯ್ದ. ಹೊರಗಿನಿಂದ ಚಿಲಕ ಬಿತ್ತು. ವಿಮಾನ ಎದ್ದಿತು. ಗಂಟೆಯ ಸದ್ದು ಓಣಿ ದಾಟಿ ಹೊಲದತ್ತ ಸಣ್ಣದಾಗುತ್ತ ಹೋಯಿತು. ಒಳಗಿನಿಂದ ಎರಡೂ ಕೈಯಲ್ಲಿ ಕದ ಬಡಿಯುವ ಸದ್ದು ಬರುತ್ತಲೇ ಇತ್ತು, ಅಂಗಳದ ಹೆಂಗಸರು ಕೊಡದ ನೀರಿನಿಂದ ಒಬ್ಬೊಬ್ಬರಾಗಿ ಕಾಲು ತೊಳೆದುಕೊಂಡು ತಮ್ಮ ತಮ್ಮ ಮನೆಗೆ ನಡೆದರು.